ಜಂಟಿ ಖಾತೆ ಮುಚ್ಚುವ ವಿಧಾನ

ನಾನು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಲು ಹೋದವರು ಕಣ್ಣು ಕಳೆದುಕೊಂಡು ಮನೆಗೆ ಮರಳಿದ್ದಾರೆ. ಇದು ಬಡಾಯಿಯಲ್ಲ. ಒಬ್ಬ ಔಷಧಿ ಅಂಗಡಿಯವನಿಗೆ ಬಿಲ್ ಹಾಕುವ ಪ್ರೋಗ್ರಾಮು ಬರೆದುಕೊಟ್ಟಿದ್ದೆ. ಅಂಗಡಿ ಮುಚ್ಚಿತು, ಅಂಗಡಿಯವನು ತೀರಿಕೊಂಡ, ಕಟ್ಟಡವನ್ನೇ ಕೆಡವಿ ಹಾಕಿದರು. ಪ್ರೋಗ್ರಾಮು ಮಾತ್ರ ಎಲ್ಲೋ ಮಣ್ಣಿನಡಿ ಇನ್ನೂ ಬಿಲ್ ಹಾಕುತ್ತಲೇ ಇದೆ. ಇಂಥ ನಾನು ಒಂದು ಪುಟ್ಟ ಬ್ಯಾಂಕ್ ಖಾತೆಯ ಪ್ರೋಗ್ರಾಮಿನಲ್ಲಿ ಸಾಲುಸಾಲಾಗಿ ತಪ್ಪು ಮಾಡಿದೆ ಎಂದರೆ ನೀವು ನಂಬಬಾರದು. ನನ್ನ ಹೆಂಡತಿಯೂ ನಂಬಲಿಲ್ಲ.

ಖಾತೆ ತೆರೆ, ಹಣ ಹಾಕು, ಹಣ ತೆಗೆ, ಎಷ್ಟು ಉಳಿಯಿತು ಹೇಳು, ಬೇಡವಾದರೆ ಖಾತೆ ಮುಚ್ಚು. ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳಿಗೆ ಮೊದಲು ಕೊಡುವ ಪಾಠವೇ ಇದು. ನಾನಂತೂ ತೊಟ್ಟಿಲಲ್ಲಿದ್ದಾಗಲೇ ಬರೆದು ಮುಗಿಸಿ, ಪಕ್ಕದ ತೊಟ್ಟಿಲಿನವನಿಗೂ ಹೇಳಿಕೊಟ್ಟಿದ್ದೆ.

ನಮ್ಮ ಆಫೀಸು ಇಸ್ತ್ರಿ ಅಂಗಡಿಯ ಮೇಲಿನ ಕೋಣೆ. ಅದರ ಹಿಂದಿನ ಕೋಣೆ ಮನೆ. ಕೆಳಗಿನ ಹಬೆ ನೆಲದ ಬಿರುಕುಗಳಿಂದ ಏರಿ ಬರುತ್ತಿತ್ತು. ಸುಕ್ಕಾದ ಅಂಗಿ ತೊಟ್ಟು ಕುಳಿತವನು ಸಂಜೆಗೆ ಏಳುವಾಗ ಅಂಗಿ ಗರಿಗರಿಯಾಗಿರುತ್ತಿತ್ತು. ಎದುರುಬದುರು ಎರಡು ಮೇಜು, ನಡುವೆ ಒಂದು ತಿರುಗುವ ಫ್ಯಾನು. ಅದು ಒಮ್ಮೆ ನನ್ನ ಕಡೆ, ಒಮ್ಮೆ ಅವಳ ಕಡೆ ತಿರುಗಿ ಗಾಳಿ ಹಂಚುತ್ತಿತ್ತು. ನಾನು ಬರೆಯುವವನು, ಅವಳು ಪರೀಕ್ಷಿಸುವವಳು. ನಾನು ಅವಳಿಗೆ ಇಟ್ಟ ಹೆಸರು ಜರಡಿ. ಅವಳ ಕೈಯಿಂದ ದಾಟಿಹೋದ ತಪ್ಪು ಇಲ್ಲ. ಅವಳು ದಿಟ್ಟಿಸಿ ನೋಡಿದರೆ ಗೋಡೆಯ ಗಡಿಯಾರವೂ ನಾಚಿ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತಿತ್ತು.

ನನ್ನ ಮಾತಿಗೂ ಅವಳದೊಂದು ಜರಡಿಯಿತ್ತು. ನಾನು ಏನು ಹೇಳಿದರೂ ಅದನ್ನು ಹತ್ತರಿಂದ ಭಾಗಿಸುತ್ತಿದ್ದಳು. "ಬಸ್ಸಲ್ಲಿ ಸಾವಿರ ಜನ ಇದ್ರು ಕಣೇ" ಎಂದರೆ, "ನೂರು ಅಂತಿಟ್ಕೊಳ್ಳೋಣ. ಅದೂ ಜಾಸ್ತಿನೇ" ಎಂದು ನಗುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅದು ನಮ್ಮ ಮನೆಯ ಆಟವಾಗಿತ್ತು.

ಟೈಲರ್‌ಗಳ ಉಳಿತಾಯ ಸಂಘದ ಕೆಲಸ ನಮಗೆ ಸಿಕ್ಕಿದ್ದು ಆ ಬೇಸಿಗೆಯಲ್ಲಿ. ಸಂಘದ ಕಾರ್ಯದರ್ಶಿ ವಯಸ್ಸಾದ ಟೈಲರು. ಕೊರಳಿನಿಂದ ಅಳತೆಯ ಟೇಪು ಇಳಿದದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಎಲ್ಲರಿಗೂ ಅವರು ಟೇಪು ಯಜಮಾನರು. ಬಂದವರು ಮೊದಲು ನನ್ನ ಭುಜದ ಅಗಲವನ್ನು ಕಣ್ಣಲ್ಲೇ ಅಳೆದರು, ಆಮೇಲೆ ಮಾತು ತೆಗೆದರು.

"ನಮ್ಮ ಜನ ಸೂಜಿ ಹಿಡಿದೋರು ಸ್ವಾಮಿ. ಒಂದು ಹೊಲಿಗೆ ಬಿಟ್ಟುಹೋದ್ರೂ ಗೊತ್ತಾಗುತ್ತೆ. ಕಟ್ಟುನಿಟ್ಟಾಗಿರಬೇಕು."

"ಯಜಮಾನರೇ, ನಾನು ಬರೆದುಕೊಟ್ರೆ ನಿಮ್ಮ ಮರಿಮೊಮ್ಮಕ್ಕಳ ಕಾಲಕ್ಕೂ ಒಂದು ದಾರ ಬಿಚ್ಚಲ್ಲ."

"ಮೊಮ್ಮಕ್ಕಳ ತನಕ ಸಾಕು," ಎಂದಳು ಹೆಂಡತಿ ಎದುರಿನ ಮೇಜಿನಿಂದ. ಯಜಮಾನರು ಹೊಟ್ಟೆ ಕುಲುಕಿಸಿ ನಕ್ಕರು. ಕರಾರಿಗೆ ನಾವಿಬ್ಬರೂ ಸಹಿ ಹಾಕಿದೆವು.

ಅದೇ ವಾರ ಅವಳ ಚಿಕ್ಕಪ್ಪ ನಮ್ಮನ್ನು ನೋಡಲು ಬಂದರು. ಮಾವ, ಅಂದರೆ ಅವಳ ಅಪ್ಪ, ತೀರಿಕೊಂಡು ಆಗಿನ್ನೂ ಬಹಳ ಕಾಲವಾಗಿರಲಿಲ್ಲ. ಚಿಕ್ಕಪ್ಪ ಕುರ್ಚಿಯಲ್ಲಿ ಕೂತವರೇ ಕಣ್ಣೊರೆಸಿಕೊಂಡು ಅವಳಿಗೆ ಹೇಳಿದರು: "ಅಣ್ಣ ಪುಣ್ಯವಂತ ಕಣಮ್ಮ. ಅಳಿಯನ ತೊಡೆ ಮೇಲೆ ತಲೆ ಇಟ್ಟು, 'ನೀವಿದ್ದೀರಲ್ಲ, ನನಗಿನ್ನೇನು ಚಿಂತೆ' ಅಂತ ಹೇಳಿ ಕಣ್ಣು ಮುಚ್ಚೋದು ಅಂದ್ರೆ! ಎಲ್ಲರಿಗೂ ಸಿಗುತ್ತಾ ಅಂಥ ಸಾವು?"

ಹೆಂಡತಿ ನನ್ನ ಮುಖ ನೋಡಿದಳು. ಚಿಕ್ಕಪ್ಪನನ್ನು ಮೆಟ್ಟಿಲ ತನಕ ಕಳಿಸಿದಳು. ಬಾಗಿಲು ಹಾಕಿ ಬಂದು ನನ್ನ ಮೇಜಿನ ಮುಂದೆ ನಿಂತಳು.

"ಯಾರ ತೊಡೆ?"

"ಅಯ್ಯೋ, ಜನ ಕೇಳ್ತಾರೆ ಕಣೇ. ಹೇಗೆ ಹೋದ್ರು, ಏನಂದ್ರು ಅಂತ. ಅವರಿಗೂ ಸಮಾಧಾನ ಆಗ್ಲಿ ಅಂತ…"

"ಆಸ್ಪತ್ರೆಯ ಆ ಕೋಣೇಲಿ ಇದ್ದೋಳು ನಾನೊಬ್ಬಳೇ. 'ಕಿಟಕಿ ತೆಗಿಯಮ್ಮ' ಅಂದ್ರು ಅಪ್ಪ. ತೆಗೆದು ಈ ಕಡೆ ತಿರುಗೋಷ್ಟರಲ್ಲಿ ಆಗಿಹೋಗಿತ್ತು. ನೀವು ಕೆಳಗೆ ಔಷಧಿ ಕೌಂಟರಲ್ಲಿ ನಿಂತಿದ್ರಿ. ನಾನು ಈಗ ಯಾರಿಗಾದ್ರೂ 'ಕಿಟಕಿ ತೆಗಿ ಅಂದ್ರು' ಅಂದ್ರೆ, 'ನಿಂಗೆ ದುಃಖದಲ್ಲಿ ಮರೆತುಹೋಗಿದೆ ಬಿಡಮ್ಮ, ಅಳಿಯಂದಿರು ಎಲ್ಲ ಹೇಳಿದಾರೆ' ಅಂತಾರೆ. ನನ್ನ ಅಪ್ಪ ಸತ್ತಿದ್ದನ್ನೂ ನನಗೆ ಬಿಡಲಿಲ್ಲ ನೀವು."

ನಿಜ ಹೇಳಬೇಕೆಂದರೆ ಅದು ಬಹಳ ಒಳ್ಳೆಯ ಕಥೆಯಾಗಿತ್ತು. ಕೇಳಿದವರೆಲ್ಲ ಅತ್ತಿದ್ದರು. ಕಲ್ಲಿನಂಥ ಮನುಷ್ಯ ಎಂದು ಹೆಸರಾದ ಅವಳ ಸೋದರಮಾವ ನನ್ನ ಹೆಗಲ ಮೇಲೆ ಸುರಿಸಿದ ಕಣ್ಣೀರಿಗೆ ನನ್ನ ಅಂಗಿ ಇನ್ನೂ ಒಣಗಿಲ್ಲ. ಇದನ್ನೇ ಅವಳಿಗೂ ಹೇಳಿದೆ. ಹೇಳಬಾರದಿತ್ತು.

"ಸಂಘದ ಕೆಲಸಕ್ಕೆ ಸಹಿ ಹಾಕಿದೀನಿ," ಎಂದಳು. "ಅರ್ಧಕ್ಕೆ ಕೈ ಬಿಡೋಳಲ್ಲ. ಅದು ಸರಿಯಾಗಿ ಮುಗಿದು ಅವರ ಕೈ ಸೇರಿದ ದಿನ ನಾನು ಅಕ್ಕನ ಮನೆಗೆ ಹೋಗ್ತೀನಿ. ಮತ್ತೆ ಬರಲ್ಲ."

ಅವಳ ಮಾತನ್ನು ಭಾಗಿಸುವ ಹಾಗಿರಲಿಲ್ಲ. ಅವಳು ಯಾವತ್ತೂ ಇದ್ದಷ್ಟನ್ನೇ ಹೇಳುವವಳು.

ಆ ದಿನದಿಂದ ನಮ್ಮ ಮನೆಯಿಂದ "ರೀ" ಎನ್ನುವ ಮಾತು ಹೊರಟುಹೋಯಿತು. "ರೀ, ಇಲ್ಲಿ ಬನ್ನಿ" ಎನ್ನುತ್ತಿದ್ದವಳು, "ನೋಡಿ, ಇದೊಂದು ಸರಿಮಾಡಬೇಕು" ಎನ್ನತೊಡಗಿದಳು. ಟೇಪು ಯಜಮಾನರೊಂದಿಗೂ ಅವಳು ಹೀಗೆಯೇ ಮಾತಾಡುತ್ತಿದ್ದಳು. ಅವರಿಗಾದರೂ ಸ್ವಲ್ಪ ನಗು ಸೇರಿಸಿ ಕೊಡುತ್ತಿದ್ದಳು.

ಈಗ ನನ್ನ ಸ್ಥಿತಿ ನೋಡಿ. ನಾನು ಮನಸ್ಸು ಮಾಡಿದ್ದರೆ ಆ ಪ್ರೋಗ್ರಾಮನ್ನು ಒಂದು ಲೋಟ ಕಾಫಿ ಆರುವುದರೊಳಗೆ ಮುಗಿಸುತ್ತಿದ್ದೆ. ಮುಗಿದರೆ ಅವಳು ಹೋಗುತ್ತಾಳೆ. ತಪ್ಪಿದ್ದರೆ ಮುಗಿಯುವುದಿಲ್ಲ. ಹಾಗಾಗಿ, ಹುಟ್ಟಿದಂದಿನಿಂದ ಒಂದು ಅಲ್ಪವಿರಾಮವನ್ನೂ ತಪ್ಪಿ ಇಡದ ಈ ಕೈ ತಪ್ಪು ಮಾಡಲು ಕೂತಿತು. ತಪ್ಪು ಮಾಡುವುದು ಎಷ್ಟು ಕಷ್ಟ ಎನ್ನುವುದು ನಿಮ್ಮಂಥವರಿಗೆ ಗೊತ್ತಿಲ್ಲ. ನಿಮಗೆ ಅದು ತಾನಾಗಿಯೇ ಬರುತ್ತದೆ.

ಮೊದಲನೆಯದು ಸಣ್ಣದು. ಖಾತೆಯಲ್ಲಿ ಇರುವಷ್ಟನ್ನೂ ಪೂರ್ತಿ ತೆಗೆಯಲು ಹೋದರೆ "ಹಣ ಸಾಲದು" ಎನ್ನುವ ಹಾಗೆ ಮಾಡಿದೆ. ಅವಳು ಅದನ್ನು ನಾನು ಕುರ್ಚಿಗೆ ಒರಗುವ ಮೊದಲೇ ಹಿಡಿದಳು.

"ನೋಡಿ, ಇಲ್ಲಿ 'ಕಡಿಮೆ ಅಥವಾ ಸಮ' ಅನ್ನೋದ್ರಲ್ಲಿ 'ಸಮ' ಬಿಟ್ಟಿದೀರಿ."

"ಓಹೋ! ನನ್ನ ಕಣ್ಣಿಗೇ ಬೀಳ್ಲಿಲ್ಲವಲ್ಲ!"

"ಬಿಸಿಲು ಜಾಸ್ತಿ," ಎಂದಳು. ಅಷ್ಟೇ.

ಎರಡನೆಯದಕ್ಕೆ ಸ್ವಲ್ಪ ಕಲೆ ಬೆರೆಸಿದೆ. ಹಣ ಹಾಕುವ ಕಡೆ ಸಂಖ್ಯೆಗೆ ಮೊದಲು ಒಂದು ಕಳೆಯುವ ಚಿಹ್ನೆ ಒತ್ತಿದರೆ ಹಣ ಸೇರುವ ಬದಲು ಕರಗುತ್ತಿತ್ತು. ಅದನ್ನೂ ಹಿಡಿದಳು. ಮೂರನೆಯದು ನನ್ನ ಕೈಯ ಮಹಾಕೃತಿ. ಒಂದು ಖಾತೆಯಿಂದ ಅದೇ ಖಾತೆಗೆ ಹಣ ಕಳಿಸಿದರೆ ಹಣ ಎರಡು ಪಟ್ಟಾಗುತ್ತಿತ್ತು! ಯಾವನೋ ಬಡ ಟೈಲರು ಕೂತಲ್ಲೇ ತನಗೆ ತಾನೇ ಹಣ ಕಳಿಸುತ್ತಾ ಹೋದರೆ ಊಟದ ಹೊತ್ತಿಗೆ ದೇಶವನ್ನೇ ಕೊಳ್ಳಬಹುದಿತ್ತು. ಇದನ್ನು ಹುಡುಕಲು ಜರಡಿಗೂ ಒಂದು ವಾರ ಬೇಕು ಎಂದುಕೊಂಡಿದ್ದೆ. ಆ ವಾರ ನಾವು ಎದುರುಬದುರು ಕೂತಿರುತ್ತೇವೆ, ಫ್ಯಾನು ಇಬ್ಬರಿಗೂ ಗಾಳಿ ಹಂಚುತ್ತದೆ, ನಡುವೆ ಎಲ್ಲಾದರೂ ಒಂದು "ರೀ" ಬಾಯಿತಪ್ಪಿ ಬೀಳಬಹುದು.

ಒಂದು ವಾರ ಹಿಡಿಯಿತು. "ರೀ" ಬೀಳಲಿಲ್ಲ. ಆದರೆ ತಪ್ಪು ತೋರಿಸುವಾಗ ಅವಳ ಬೆರಳು ಪರದೆಯ ಮೇಲೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. "ಚೆನ್ನಾಗಿದೆ ಇದು," ಎಂದಳು ತನ್ನಷ್ಟಕ್ಕೆ. ಸರಿಮಾಡಿಕೊಟ್ಟೆ. ಆಮೇಲೆ ಇನ್ನೊಂದು ಇಟ್ಟೆ, ಮತ್ತೊಂದು ಇಟ್ಟೆ. ಬೇಸಿಗೆ ಮುಗಿಯಿತು, ಮಳೆಗಾಲವೂ ಮುಗಿಯಿತು. ಇಸ್ತ್ರಿ ಅಂಗಡಿಯವರು ದಪ್ಪ ಕೋಟುಗಳನ್ನು ಹೊರಗೆ ನೇತುಹಾಕತೊಡಗಿದರು.

ಟೇಪು ಯಜಮಾನರು ಒಂದು ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದರು.

"ಏನು ಸ್ವಾಮಿ, ಮರಿಮೊಮ್ಮಕ್ಕಳಿಗೆ ಅಂತ ಹೇಳಿದ್ರಿ. ಅವರು ಹುಟ್ಟೋ ತನಕ ಕಾಯಬೇಕಾ?"

"ಒಳ್ಳೆ ಕೆಲಸಕ್ಕೆ ಹೊತ್ತು ಬೇಕು ಯಜಮಾನರೇ. ಕೋಟು ಹೊಲೀತಿದೀನಿ, ಗೋಣಿಚೀಲ ಅಲ್ಲ."

"ಕೋಟು ಹೊಲಿಯೋನಿಗೂ ಒಂದು ದಿನ ಅಂತ ಇರುತ್ತೆ. ಮದುವೆ ಆದಮೇಲೆ ಕೋಟು ಕೊಟ್ರೆ ಏನು ಮಾಡೋದು?" ಅವರು ಅವಳ ಕಡೆ ತಿರುಗಿದರು. "ಏನಮ್ಮ, ಇವರ ಕೈ ನಡುಗ್ತಿದೆಯಾ? ಇಷ್ಟೊಂದು ತಪ್ಪು?"

ಅವಳು ತಲೆ ಎತ್ತದೆ ಹೇಳಿದಳು: "ತಪ್ಪು ಯಾರದ್ದಾದ್ರೂ ಆಗುತ್ತೆ ಯಜಮಾನರೇ. ಇನ್ನು ಜಂಟಿ ಖಾತೆ ಒಂದೇ ಉಳಿದಿರೋದು. ಈ ವಾರ ಕೊಡ್ತೀವಿ."

ಯಜಮಾನರು ಜಂಟಿ ಖಾತೆಯ ನಿಯಮ ಮತ್ತೊಮ್ಮೆ ಹೇಳಿದರು. ಗಂಡ ಹೆಂಡತಿ ಒಟ್ಟಿಗೆ ತೆರೆದ ಖಾತೆಗೆ ಹಣವನ್ನು ಯಾರು ಬೇಕಾದರೂ ಹಾಕಬಹುದು, ಯಾರು ಬೇಕಾದರೂ ತೆಗೆಯಬಹುದು. ಮುಚ್ಚಲು ಮಾತ್ರ ಇಬ್ಬರೂ ಒಪ್ಪಬೇಕು. ಒಬ್ಬರು ಸಿಟ್ಟಲ್ಲಿ ಬಂದು ಮುಚ್ಚಿಹೋಗುವ ಹಾಗಿಲ್ಲ. "ಸಿಟ್ಟು ಇಳಿಯೋಕೆ ಜಾಗ ಇರಲಿ ಅಂತ," ಎಂದು ಹೇಳಿ, ಹೋಗುವಾಗ ನನ್ನ ಕುತ್ತಿಗೆ ಪಟ್ಟಿಗೆ ಬೆರಳು ತೂರಿಸಿ ನೋಡಿದರು. "ಸಡಿಲ ಆಗಿದೆಯಲ್ಲ ಸ್ವಾಮಿ. ಊಟ ಮಾಡಿ ಸರಿಯಾಗಿ."

ಅವರು ಹೋದ ಮೇಲೆ ನಾನು ತೀರ್ಮಾನ ಮಾಡಿದೆ. ಇನ್ನು ತಪ್ಪು ಇಡುವುದಿಲ್ಲ. ಸಾಕಾಗಿತ್ತು. ಅವಳ ಎದುರು ದಿನವೂ ದಡ್ಡನಾಗಿ ಕೂತು ಕೂತು ನನ್ನ ಹೆಸರು ನನಗೇ ಮರೆತುಹೋಗುವಂತಾಗಿತ್ತು. ಕೊನೆಯದನ್ನಾದರೂ ನನ್ನ ಕೈಯ ಯೋಗ್ಯತೆಗೆ ತಕ್ಕ ಹಾಗೆ ಬರೆಯುತ್ತೇನೆ, ಅವಳು ಅದರಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪು ಕಾಣದೆ ತಲೆದೂಗಬೇಕು, ಹೋಗುವುದಾದರೆ ಅಂಥವನನ್ನು ಬಿಟ್ಟು ಹೋಗಲಿ ಎಂದುಕೊಂಡೆ. ಬರೆದೆ. ನನ್ನ ಜೀವನದಲ್ಲೇ ಅಷ್ಟು ಎಚ್ಚರದಿಂದ ಬರೆದವನಲ್ಲ.

ಅವಳು ಪರೀಕ್ಷೆಗೆಂದು ಒಂದು ಜಂಟಿ ಖಾತೆ ತೆರೆದಳು. ಹೆಸರು ಬೇಕಲ್ಲ, "ಗಂಡ" "ಹೆಂಡತಿ" ಎಂದಷ್ಟೇ ಬರೆದಳು. ಹಣ ಹಾಕಿದಳು, ತೆಗೆದಳು. ಎಲ್ಲ ಸರಿ. ಮುಚ್ಚಲು ಹೋದಳು. ಗಂಡನ ಒಪ್ಪಿಗೆ ಕೊಟ್ಟಳು. "ಇನ್ನೊಬ್ಬರ ಒಪ್ಪಿಗೆ ಬಾಕಿ" ಎಂದಿತು. ಸರಿಯೇ. ಹೆಂಡತಿಯ ಒಪ್ಪಿಗೆ ಕೊಟ್ಟಳು.

"ಇನ್ನೊಬ್ಬರ ಒಪ್ಪಿಗೆ ಬಾಕಿ."

ಮತ್ತೆ ಗಂಡನದು ಒತ್ತಿದಳು. ಬಾಕಿ. ಹೆಂಡತಿಯದು. ಬಾಕಿ. ನಾನು ಎದ್ದು ಅವಳ ಹಿಂದೆ ಹೋಗಿ ನಿಂತೆ. ಬಹಳ ದಿನಗಳ ಮೇಲೆ ಅಷ್ಟು ಹತ್ತಿರ ನಿಂತಿದ್ದೆ; ಅವಳ ಕೂದಲಿಗೂ ಇಸ್ತ್ರಿಯ ಹಬೆಯ ವಾಸನೆಯಿತ್ತು.

"ಇದು ನಾನು ಇಟ್ಟಿದ್ದಲ್ಲ!" ಎಂದೆ.

ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ. ನಾನಾಗಿಯೇ ಹೆಗಲು ಮುಟ್ಟಿ ನೋಡಿಕೊಂಡಿದ್ದೆ. ಫ್ಯಾನು ನನ್ನ ಕಡೆ ಬಂತು, ಅವಳ ಕಡೆ ಹೋಯಿತು.

"ಗೊತ್ತು," ಎಂದಳು.

"ಏನು ಗೊತ್ತು?"

"ಇದು ಇಟ್ಟಿದ್ದಲ್ಲ ಅಂತ. ಮಿಕ್ಕಿದ್ದೆಲ್ಲ ಇಟ್ಟಿದ್ದು ಅಂತಲೂ. ಆ ಎರಡು ಪಟ್ಟು ಆಗೋದು ನೋಡಿದಾಗಲೇ ಗೊತ್ತಾಯ್ತು. ಅಷ್ಟು ಚಂದದ ತಪ್ಪು ತಾನಾಗಿ ಆಗಲ್ಲ. ಒಂದೊಂದಕ್ಕೂ ಒಂದು ಕಥೆ ಕಟ್ಟಿದ ಹಾಗಿತ್ತು." ಅವಳು ಪರದೆಯನ್ನೇ ನೋಡುತ್ತಿದ್ದಳು. "ಇದು ನೋಡಿ, ಸಪ್ಪೆ ತಪ್ಪು. ಒಪ್ಪಿಗೆ ಬರೆದಿಡೋಕೆ ಇಬ್ಬರಿಗೂ ಸೇರಿ ಒಂದೇ ಜಾಗ ಇಟ್ಟಿದೀರಿ. ಒಬ್ಬರು ಬರೆದಿದ್ದರ ಮೇಲೇ ಇನ್ನೊಬ್ಬರು ಬರೀತಾರೆ. ಮೊದಲಿನವರದ್ದು ಅಳಿಸಿಹೋಗುತ್ತೆ."

ನನಗೆ ಕಾಲಡಿಯ ನೆಲ ಮೂರು ಅಂತಸ್ತು ಕುಸಿದ ಹಾಗಾಯಿತು. ಕಟ್ಟಡಕ್ಕೆ ಇದ್ದದ್ದು ಎರಡೇ ಅಂತಸ್ತು.

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ? ಎರಡನೇ ವಾರಕ್ಕೇ ಹೇಳಿ ಹೋಗಬಹುದಿತ್ತಲ್ಲ."

ಕೆಳಗೆ ಯಾರೋ ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದರು.

"ನನಗೂ ಇನ್ನಷ್ಟು ದಿನ ಬೇಕಿತ್ತು," ಎಂದಳು.

ನೀವೇ ಹೇಳಿ, ಇದಕ್ಕಿಂತ ದೊಡ್ಡ ಬಾಗಿಲು ಯಾವ ಗಂಡಸಿಗೆ ತೆರೆದೀತು? ನಾನು ಅದರೊಳಗೆ ಆನೆಯ ಹಾಗೆ ನುಗ್ಗಿದೆ. "ನೀನಿಲ್ಲದೆ ಒಂದು ಗಳಿಗೆ ಉಸಿರಾಡಲ್ಲ ಕಣೇ! ನೀನು ಹೋದ ದಿನ ಈ ಊರಿಗೆ ಸೂರ್ಯ ಹುಟ್ಟಲ್ಲ! ಏಳೇಳು ಜನ್ಮಕ್ಕೂ…"

"ಎಷ್ಟರಿಂದ ಭಾಗಿಸಲಿ?" ಎಂದಳು. ತಮಾಷೆಗಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಿದ್ದಳು.

ಅವಳು ಕುರ್ಚಿ ತಿರುಗಿಸಿ ನನ್ನ ಕಡೆ ಕೂತಳು.

"ಒಂದು ಕೆಲಸ ಮಾಡಿ. ಅಪ್ಪ ಹೇಗೆ ಹೋದ್ರು ಹೇಳಿ. ನನಗೆ ಹೇಳಿ. ಆದ ಹಾಗೆ, ಅಷ್ಟನ್ನೇ. ಒಂದೇ ಒಂದು ಸಲ ನಿಮ್ಮ ಬಾಯಲ್ಲಿ ಅದನ್ನ ಸರಿಯಾಗಿ ಕೇಳಿದ್ರೆ ನಾನು ಇಲ್ಲೇ ಇರಬಹುದೇನೋ. ನೋಡೋಣ."

ಕೈ ಕಟ್ಟಿ, ಶಾಲೆಯ ಹುಡುಗನ ಹಾಗೆ ನಿಂತು ಶುರು ಮಾಡಿದೆ.

"ನಾನು ಕೆಳಗೆ ಔಷಧಿ ಕೌಂಟರಲ್ಲಿ ನಿಂತಿದ್ದೆ. ನನ್ನ ಮುಂದೆ ಇಬ್ಬರೋ ಮೂವರೋ ಇದ್ರು."

ಅವಳು ತಲೆಯಾಡಿಸಿದಳು.

"ಕೋಣೇಲಿ ನೀನೊಬ್ಬಳೇ ಇದ್ದೆ. ಮಾವನಿಗೆ ಉಸಿರು ಕಟ್ಟಿದ ಹಾಗಾಗ್ತಿತ್ತು. 'ಕಿಟಕಿ ತೆಗಿಯಮ್ಮ' ಅಂದ್ರು. ನನ್ನ ಬಗ್ಗೆ ಏನೂ ಅನ್ನಲಿಲ್ಲ. ನಾನು ಅಲ್ಲಿರಲೇ ಇಲ್ಲ."

ಅವಳ ಕಣ್ಣು ತುಂಬಿತ್ತು. ಆದರೆ ಮುಖ ಸಡಿಲವಾಗಿತ್ತು. ಎಷ್ಟೋ ತಿಂಗಳಿಂದ ಬಿಗಿಹಿಡಿದದ್ದು ಇಳಿಯುತ್ತಿರುವುದು ನನಗೆ ಕಾಣುತ್ತಿತ್ತು. ಅವಳ ಕೈ ನನ್ನ ಅಂಗಿಯ ತುದಿಯ ಹತ್ತಿರ ಬಂದಿತ್ತು, ಇನ್ನೂ ಹಿಡಿದಿರಲಿಲ್ಲ.

"ನೀನು ಎದ್ದು ಹೋದೆ. ಚಿಲಕ ಬಿಗಿಯಾಗಿತ್ತು, ಎರಡು ಕೈಲಿ ಎಳೆದೆ. ಕಿಟಕಿ ತೆರೆದುಕೊಳ್ತು. ಹೊರಗಿಂದ ಗಾಳಿ ಬಂತು. ನೀನು ಈ ಕಡೆ ತಿರುಗಿದೆ. ಅಷ್ಟರಲ್ಲಿ… ಅಷ್ಟರಲ್ಲಿ ಕಿಟಕಿಯಿಂದ ಒಂದು ಬಿಳಿ ಪಾರಿವಾಳ ಹಾರಿಹೋಯ್ತು."

ಆ ಪಾರಿವಾಳ ಎಲ್ಲಿಂದ ಬಂತೋ ದೇವರಾಣೆ ನನಗೆ ಗೊತ್ತಿಲ್ಲ. ನಾನು ಕರೆದಿರಲಿಲ್ಲ. ಅವಳ ಕಣ್ಣೀರು ನೋಡಿದೆ, ನನ್ನೊಳಗೆ ಏನೋ ಕರಗಿತು, ಅವಳಿಗೆ ಬರಿಗೈಯಲ್ಲಿ ಇಷ್ಟೇನಾ ಕೊಡುವುದು, ಏನಾದರೂ ಒಂದು ಚಂದದ್ದು ಸೇರಿಸಿ ಕೊಡೋಣ ಅನ್ನಿಸಿತು. ಅಷ್ಟೇ. ಬಾಯಿಂದ ಹಾರಿಬಿಟ್ಟಿತು.

"ಪಾರಿವಾಳ," ಎಂದಳು.

"ಇಲ್ಲ. ಇರಲಿಲ್ಲ. ಅದನ್ನ ಬಿಡು. ಮೊದಲಿಂದ ಹೇಳ್ತೀನಿ."

ಅವಳು ನಕ್ಕಳು. ಅಳುತ್ತಲೇ, ಮನಸ್ಸಾರೆ ನಕ್ಕಳು. ಹತ್ತಿರ ಬಂದಿದ್ದ ಕೈಯನ್ನು ವಾಪಸು ತೆಗೆದುಕೊಂಡು ಕಣ್ಣೊರೆಸಿಕೊಂಡಳು.

"ಪಾರಿವಾಳದ ತನಕ ತುಂಬಾ ಚೆನ್ನಾಗಿತ್ತು ಕಣ್ರೀ."

ಬೇಸಿಗೆಯಿಂದ ಕಾದಿದ್ದ "ರೀ" ಬಂತು. ಬಂದದ್ದು ಹೀಗೆ.

ಆಮೇಲೆ ಅವಳು ಪರದೆಯ ಕಡೆ ತಿರುಗಿದಳು. ಸರಿಮಾಡುವ ಕೆಲಸ ಯಾವತ್ತೂ ನನ್ನದು; ಆ ದಿನ ಅವಳೇ ಮಾಡಿದಳು. ಗಂಡನ ಒಪ್ಪಿಗೆಗೆ ಒಂದು ಜಾಗ, ಹೆಂಡತಿಯ ಒಪ್ಪಿಗೆಗೆ ಇನ್ನೊಂದು. ಎರಡು ಸಾಲಿನ ಕೆಲಸ. ಪ್ರೋಗ್ರಾಮನ್ನು ಮತ್ತೆ ಓಡಿಸಿದಳು. ಗಂಡನ ಒಪ್ಪಿಗೆ ಒತ್ತುವ ಜಾಗ ಬಂದಾಗ ಕೀಲಿಮಣೆಯನ್ನು ನನ್ನ ಕಡೆ ಸರಿಸಿದಳು.

"ಇದನ್ನ ನೀವೇ ಒತ್ತಿ. ಎರಡೂ ನಾನೇ ಒತ್ತಿದ್ರೆ ಪರೀಕ್ಷೆ ಮಾಡಿದ ಹಾಗಾಗಲ್ಲ."

ನಾನು ಒತ್ತದೆ ನಿಂತೆ. ಒತ್ತದಿದ್ದರೆ? ಆ ಖಾತೆ ಹಾಗೆಯೇ ತೆರೆದಿರುತ್ತಿತ್ತು. ಯಜಮಾನರು ಬರುತ್ತಿದ್ದರು, ಹೋಗುತ್ತಿದ್ದರು. ಅವಳು ಅವಸರ ಮಾಡಲಿಲ್ಲ. ಕಣ್ಣೆತ್ತಿ ನೋಡುತ್ತಾ ಕೂತಳು, ದಣಿದಿದ್ದಳು, ಕಣ್ಣಿನ ಕೆಳಗೆ ಕಪ್ಪಾಗಿತ್ತು. ಆ ಬೇಸಿಗೆಯಿಂದ ನಾನು ಅವಳ ಬೆರಳನ್ನು, ಪರದೆಯನ್ನು, ಅವಳ ಬಾಯಿಂದ ಬೀಳಬಹುದಾದ ಒಂದು ಅಕ್ಷರವನ್ನು ನೋಡಿದ್ದೆ. ಮುಖವನ್ನು ನೋಡಿರಲಿಲ್ಲ.

ಒತ್ತಿದೆ. ಅವಳೂ ಒತ್ತಿದಳು. "ಖಾತೆ ಮುಚ್ಚಲಾಗಿದೆ" ಎಂದಿತು.

ಸಂಘಕ್ಕೆ ಅದನ್ನು ತಲುಪಿಸಿ ಬಂದ ಮಧ್ಯಾಹ್ನ ಅವಳು ಪೆಟ್ಟಿಗೆ ಕಟ್ಟಿದಳು. ಬಾಡಿಗೆ ಕಾರು ಇಸ್ತ್ರಿ ಅಂಗಡಿಯ ಮುಂದೆ ಬಂದು ನಿಂತಿತು. ಪೆಟ್ಟಿಗೆಯನ್ನು ನಾನೇ ಇಳಿಸುತ್ತೇನೆ ಎಂದು ಹಟ ಹಿಡಿದು ಎತ್ತಿದೆ. ಒಂದು ಬೆಟ್ಟವನ್ನೇ ಎತ್ತಲು ಸಿದ್ಧನಾಗಿ ಮೈ ಬಿಗಿಹಿಡಿದಿದ್ದೆ. ಪೆಟ್ಟಿಗೆ ಕೈಗೆ ಹಗುರವಾಗಿ ಬಂದುಬಿಟ್ಟಿತು. "ಎಷ್ಟು ಹಗುರವೆಂದರೆ" ಎಂದು ಶುರುಮಾಡಲು ನೋಡುತ್ತೇನೆ, ಮುಂದಕ್ಕೆ ಏನೂ ಸಿಗುವುದಿಲ್ಲ. ಹಗುರವಾಗಿತ್ತು.

ಡ್ರೈವರ್ ಹಿಂದಿನ ಬಾಗಿಲು ತೆರೆದು, ಮೆಟ್ಟಿಲಿನ ಕಡೆ ಕತ್ತೆತ್ತಿ ಇನ್ನೂ ಏನಾದರೂ ಬರುತ್ತದೆಯೇ ಎಂದು ನೋಡಿದ.

"ಇಷ್ಟೇನಾ ಅಮ್ಮ?"

"ಇಷ್ಟೇ," ಎಂದಳು ಅವಳು. ಕಾರಿನೊಳಗೆ ಕೂತು ಗಾಜು ಇಳಿಸಿದಳು. ನಾನು ಏನಾದರೂ ಹೇಳುತ್ತೇನೆಂದು ಸ್ವಲ್ಪ ಕಾದಳು. ನಾನು ಹೇಳಲಿಲ್ಲ. ಹೇಳಿದ್ದರೆ ದೊಡ್ಡದಾಗಿಬಿಡುತ್ತಿತ್ತು.